ಐದನೇ ತೂತು

"ಮಂಡಿ ಮೇಲೆ ಹುಯ್ಯೇ, ಮಂಡಿ ಮೇಲೆ. ಪಾದಕ್ಕೆ ಹುಯ್ದರೆ ಏನು ಬಂತು?" ಅಂದಳು ಶಿವಗಂಗಮ್ಮ.

ಕಮಲಾಕ್ಷಿ ಬಿಸಿನೀರಿನ ತಂಬಿಗೆಯನ್ನು ಎತ್ತಿ ಗಂಡನ ಅಕ್ಕನ ಮಂಡಿಗಳ ಮೇಲೆ ಸುರಿದಳು. ಹಬೆ ಎದ್ದಿತು, ಮಂಡಿ ಮಾತ್ರ ಮಣಿಯಲಿಲ್ಲ. ಬಸವರಾಜೇಶ್ವರಿ ರಾತ್ರಿ ಯಾವಾಗಲೋ ಮಲಗಿದಲ್ಲೇ ಹೋಗಿಬಿಟ್ಟಿದ್ದಳು. ಹಾಲಿನವನು ಬಂದು ಹೋದ ಮೇಲೆ ಬಾಗಿಲು ತಟ್ಟಿ ನೋಡುವಷ್ಟರಲ್ಲಿ ಮೈ ಕೊರಡಾಗಿತ್ತು. ಆ ಮನೆಯವರಲ್ಲಿ ಯಾರನ್ನೂ ಮಲಗಿಸಿ ಕಳಿಸುವ ಪದ್ಧತಿಯಿಲ್ಲ. ಕಾಲು ಮಡಿಸಿ ಕೂರಬೇಕು, ಕೂತೇ ಹೊರಡಬೇಕು, ಮಣ್ಣಿನೊಳಗೂ ಕೂತೇ ಇರಬೇಕು.

"ಬದುಕಿದ್ದಾಗ ಯಾರ ಮಾತಿಗೆ ಬಗ್ಗಿದ್ದಳು, ಈಗ ಬಗ್ಗೋಕೆ?" ಅಂತ ಶಿವಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಇವಳು ಸತ್ತವಳ ಸೋದರತ್ತೆ. ಸುದ್ದಿ ಮುಟ್ಟಿದ ತಕ್ಷಣ ವಿಜಯನಗರದಿಂದ ಆಟೋ ಹಿಡಿದು ಬಂದವಳು, ಬಂದ ಗಳಿಗೆಯಿಂದ ಯಾರಿಗೂ ಕೂತು ಅಳುವುದಕ್ಕೆ ಬಿಟ್ಟಿರಲಿಲ್ಲ. ಆ ಮನೆತನದ ಹುಟ್ಟು ಸಾವಿನ ಶಾಸ್ತ್ರಗಳೆಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು.

"ಇದನ್ನ ಮಾಡಬೇಕಾದವಳು ಮನೆ ಸೊಸೆ. ನಾನಲ್ಲ. ಮುಖ ಹಂಗೆ ಯಾಕೆ ಗಂಟು ಹಾಕ್ಕೊಂಡಿದೀಯ?"

"ಮಾಡ್ತಾ ಇದೀನಲ್ಲ," ಅಂದಳು ಕಮಲಾಕ್ಷಿ.

ಮಾಡುತ್ತಿದ್ದಳು, ಹಲ್ಲು ಕಚ್ಚಿಕೊಂಡು. ಬದುಕಿದ್ದಾಗ ಆ ಮಂಡಿ ಮುಟ್ಟಿ ಒಂದು ಹಬ್ಬದಲ್ಲೂ ನಮಸ್ಕಾರ ಮಾಡಿದವಳಲ್ಲ, ಈಗ ಉಜ್ಜಿ ಉಜ್ಜಿ ಮೆತ್ತಗೆ ಮಾಡಬೇಕು. ಬಚ್ಚಲ ಕಿಟಕಿಯಾಚೆ ಬೀದಿಯ ಹೆಂಗಸರು ಗೋಡೆಗೊರಗಿ ನಿಂತಿದ್ದರು. ಅವರ ಮಾತು ಒಳಗೆ ಕೇಳಿಸುತ್ತದೆ ಅನ್ನುವುದು ಅವರಿಗೂ ಗೊತ್ತು.

"ಭಾನುವಾರ ಆ ಪಾಟಿ ಜಗಳ ಆಯ್ತಲ್ಲ. ರಸ್ತೆ ಕೊನೇವರೆಗೂ ಕೇಳಿಸ್ತು."

"ಮನೆ ಬಿಟ್ಟು ಹೋಗು ಅಂದ್ಳಂತೆ ಇವಳು. ಆವಮ್ಮ ಸಂಬಳ ತಂದು ತಮ್ಮನ್ನ ಓದಿಸಿ, ಮದುವೆ ಮಾಡಿ, ತಾನು ಹಂಗೇ ಉಳಕೊಂಡೋಳು. ಎದೆ ಒಡೀದೆ ಇನ್ನೇನು."

"ಮೆಲ್ಲಗೆ ಮಾತಾಡ್ರೇ," ಅಂದಳು ಪಕ್ಕದ ಮನೆಯ ಅಂಜಮ್ಮ. ಅವಳ ಸೊಂಟದ ಮೇಲೆ ಕಮಲಾಕ್ಷಿಯ ಮಗು ಕೂತಿತ್ತು. ಅದು ಕೆಮ್ಮಿತು. ತಂಬಿಗೆ ಹಿಡಿದ ಕಮಲಾಕ್ಷಿಯ ಕೈ ಅಲ್ಲೇ ನಿಂತಿತು. ಮತ್ತೆ ಕೆಮ್ಮುತ್ತದೇನೋ ಅಂತ ಕಾದಳು. ಕೆಮ್ಮಲಿಲ್ಲ.

ಕಮಲಾಕ್ಷಿಯ ಗಂಡ ಜಂಬಣ್ಣನೂ ಇನ್ನೊಬ್ಬರೂ ಒಳಗೆ ಬಂದು ಭುಜ ಹಿಡಿದರು. ಶಿವಗಂಗಮ್ಮ ಮಂಡಿಯ ಮೇಲೆ ತನ್ನ ಭಾರವನ್ನೆಲ್ಲ ಹಾಕಿದಳು. ಒಳಗೆಲ್ಲೋ ಲಟಕ್ ಅಂತು. ಜಂಬಣ್ಣ ಮುಖ ಆಚೆ ತಿರುಗಿಸಿಕೊಂಡ.

"ಹ್ಞಾ. ಈಗ ಕೂತಳು," ಅಂದಳು ಶಿವಗಂಗಮ್ಮ.

*

ಭಾನುವಾರ ಕಮಲಾಕ್ಷಿ ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಬರುವ ಹೊತ್ತಿಗೆ ಮಗು ತೊಟ್ಟಿಲಲ್ಲಿ ಬಿಕ್ಕುತ್ತಿತ್ತು. ಎತ್ತಿಕೊಂಡಾಗ ಹಿಮ್ಮಡಿಗೆ ಅಂಟಿಸಿದ್ದ ಹತ್ತಿ ಕಾಣಿಸಿತು. ಹತ್ತಿಯ ನಡುವೆ ಕುಂಕುಮದಷ್ಟು ಕೆಂಪು. ಬಸವರಾಜೇಶ್ವರಿ ಮನೆಯಲ್ಲಿರಲಿಲ್ಲ. ರಜೆಯ ದಿನವೂ ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನ ಬೀಗದ ಕೈ ತಗೊಂಡು ಬಿನ್ನಿಪೇಟೆ ಬಸ್ಸು ಹತ್ತಿದ್ದಳು. ಊಟದ ಹೊತ್ತು ಮೀರಿದ ಮೇಲೆ ಹೆಗಲ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಗೇಟು ತೆರೆದಾಗ ಕಮಲಾಕ್ಷಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

"ನನ್ನ ಮಗೂಗೆ ಸೂಜಿ ಚುಚ್ಚಿದ್ರಾ?"

"ನಾಲ್ಕು ತೊಟ್ಟು ತಗೊಂಡೆ. ಕೇಳಿದ್ರೆ ನೀನು ಒಪ್ತಿರಲಿಲ್ಲ."

"ಒಪ್ಪಲ್ಲ ಅಂತ ಗೊತ್ತಿದ್ದೂ ತಗೊಂಡ್ರಿ."

"ಹೂಂ." ಬಸವರಾಜೇಶ್ವರಿಗೆ ಸುತ್ತಿ ಬಳಸಿ ಮಾತಾಡುವುದು ಯಾವತ್ತೂ ಬರುತ್ತಿರಲಿಲ್ಲ. "ಆರು ತಿಂಗಳ ತನಕ ತಾಯಿ ಕೊಟ್ಟು ಕಳಿಸಿದ್ದೇ ಮಗೂನ ಮೈಯಲ್ಲಿರುತ್ತೆ. ಅದು ಮುಗಿದ ಮೇಲೆ ಮಗು ತನ್ನದು ತಾನು ಮಾಡ್ಕೋಬೇಕು. ಮಾಡ್ಕೊಳ್ತಾ ಇದೆಯೋ ಇಲ್ಲವೋ ನೋಡಬೇಕು. ಎರಡು ಸಲ ಕಿವಿ ಸೋರಿತು. ಈಗ ಕೆಮ್ಮು."

"ಎಲ್ಲರ ಮಕ್ಕಳಿಗೂ ಕೆಮ್ಮು ಬರುತ್ತೆ."

"ಪಂಚೂ ಕೆಮ್ಮಿದಾಗಲೂ ನೀನು ಇದೇ ಮಾತು ಹೇಳಿದ್ದೆ."

ಪಂಚಾಕ್ಷರಿ ಕಮಲಾಕ್ಷಿಯ ಮೊದಲನೆಯ ಮಗ. ಎರಡು ವರ್ಷ ತುಂಬುವ ಮೊದಲೇ ಹೋದವನು. ಅವನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೆಟ್ಟಿಲ ಮೇಲಿಂದ ಕಮಲಾಕ್ಷಿ ಹೇಗೆ ಇಳಿದಳೋ ಅವಳಿಗೇ ಗೊತ್ತಾಗಲಿಲ್ಲ.

"ನೀವು ನೋಡಿದ್ದಕ್ಕೇ ಅವನು ಹೋದ. ನಿಮ್ಮ ಕಣ್ಣು ಬಿದ್ದದ್ದಕ್ಕೇ. ಈಗ ಇವನ ಮೇಲೂ ಹಾಕಿದ್ರಾ? ನಿಮ್ಮ ಹೊಟ್ಟೇಲಿ ಒಂದು ಹುಟ್ಟಿದ್ದರೆ ತಿಳೀತಿತ್ತು. ಬೇರೆಯವರ ಮಕ್ಕಳ ರಕ್ತ ಹೀರಿಕೊಂಡು ಬದುಕೋ ಜನ್ಮ ನಿಮ್ಮದು. ಹೋಗಿ, ಈ ಮನೆ ಬಿಟ್ಟು ಹೋಗಿ."

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಜಂಬಣ್ಣ ಪೇಪರನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡ. ಬಸವರಾಜೇಶ್ವರಿ ತಮ್ಮನ ಕಡೆ ಒಂದು ಸಲ ನೋಡಿದಳು. ಆ ಪೇಪರು ಕೆಳಗೆ ಇಳಿಯಲಿಲ್ಲ.

"ಹೋಗ್ತೀನಿ," ಅಂದಳು. "ಮಂಗಳವಾರ ಮಧ್ಯಾಹ್ನ ಹೊರಡ್ತೀನಿ. ಅಲ್ಲೀ ತನಕ ನನ್ನ ರೂಮಿಗೆ ಕಾಲಿಡಬೇಡ. ಅಲ್ಲಿರೋದನ್ನ ಏನೂ ಮುಟ್ಟಬೇಡ."

ಸೋಮವಾರವೆಲ್ಲ ಇಬ್ಬರೂ ಮಾತಾಡಲಿಲ್ಲ. ಇವತ್ತು ಮಂಗಳವಾರ. ಹೇಳಿದ ಹೊತ್ತಿಗೇ ಹೊರಟಿದ್ದಳು.

*

ಗೋಡೆಗೆ ಒರಗಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಆ ಬಟ್ಟೆಯನ್ನು ಮೇಲಿನ ಮೊಳೆಗೆ ಬಿಗಿದು ಕೂರಿಸಿದ್ದರು. ಕಮಲಾಕ್ಷಿ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಸೈಕಲ್ಲೊಂದು ಗೇಟಿಗೆ ಬಂದು ನಿಂತಿತು. ಇಳಿದವನು ಗಂಗಾಧರಯ್ಯ, ಲ್ಯಾಬಿನಲ್ಲಿ ಬಸವರಾಜೇಶ್ವರಿಯ ಪಕ್ಕದ ಮೇಜಿನವನು. ಹೂವಿನ ಹಾರ ಹಾಕಿದ, ಕೈ ಮುಗಿದ, ಕಣ್ಣೊರೆಸಿಕೊಂಡ. ಆದರೂ ಹೋಗಲಿಲ್ಲ. ಕಂಬದ ಹತ್ತಿರ ನಿಂತು ಕೈಗಡಿಯಾರ ನೋಡುವುದು, ಒಳಗಿನ ರೂಮಿನ ಕಡೆ ನೋಡುವುದು ಮಾಡುತ್ತಿದ್ದ.

"ಏನಾದ್ರೂ ಬೇಕಿತ್ತಾ ಸಾರ್?" ಅಂತ ಜಂಬಣ್ಣ ಕೇಳಿದ.

"ಹೇಳೋಕೆ ಸಂಕೋಚ. ಮೇಡಂ ಒಂದು ಡಬ್ಬಿ ಮನೆಗೆ ತಂದಿದ್ರು. ಅಲ್ಯೂಮಿನಿಯಂದು. ಅದು ವಾಪಸು ಬೇಕಿತ್ತು."

"ಹೆಣ ಎತ್ತೋಕೆ ಮುಂಚೆ ಡಬ್ಬಿ ಕೇಳೋಕೆ ಬಂದೆಯಾ?" ಅಂದಳು ಶಿವಗಂಗಮ್ಮ. "ಹಾರ ತಂದಿದ್ದು ಅದಕ್ಕೇನಾ?"

ಗಂಗಾಧರಯ್ಯ ಕೆಂಪಗಾದ. "ಬೈಯ್ಯಿರಿ ತಾಯಿ. ನನಗೆ ಡಾಕ್ಟರು ಆಗಲೇ ಬೈದು ಕಳಿಸಿದಾರೆ. ಪರದೇಶದಿಂದ ಬಂದ ಕಿಟ್ಟು, ಅದರಲ್ಲಿ ಉಳಿದಿದ್ದು ಆ ಒಂದೇ ತಟ್ಟೆ. ಮೂರು ಜನ ಪೇಷಂಟುಗಳ ರಕ್ತದ ತಿಳಿ ಅದರಲ್ಲಿದೆ. ಗಾಮಾ ಗ್ಲಾಬ್ಯುಲಿನ್ ನೋಡೋಕೆ. ರೋಗ ಬಂದರೆ ಮೈ ಅದರ ಜೊತೆ ಬಡಿದಾಡುತ್ತಲ್ಲ, ಆ ಬಡಿದಾಡೋ ಸತ್ವ ಎಷ್ಟಿದೆ ಅಂತ. ಭಾನುವಾರ ಹಾಕಿದ್ದು. ಎರಡು ದಿನ ಅಲ್ಲಾಡದೆ ಕೂತಿರಬೇಕು. ಇವತ್ತು ಮಧ್ಯಾಹ್ನ ಎರಡೂವರೆಗೆ ಓದಬೇಕು."

"ಲ್ಯಾಬಿನದ್ದು ಮನೆಗೆ ಯಾಕೆ ತಂದ್ಳು?"

ಅವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಬೈಗುಳ ತಿಂದು ಬಂದ ಮನುಷ್ಯ, ಬಾಯಿ ಬಿಟ್ಟ. "ತಟ್ಟೇಲಿ ರಕ್ತದ ತಿಳಿ ಹಾಕೋಕೆ ತೂತುಗಳಿರುತ್ತೆ, ಮೂರೇ ತುಂಬಬೇಕಾಗಿತ್ತು. ಮೇಡಂ ಐದು ತುಂಬಿದ್ರು. ಡಾಕ್ಟರು ನೋಡಿದ್ರೆ ಗಲಾಟೆ ಆಗ್ತಿತ್ತು. ನಾಲ್ಕನೇದು ಮೇಡಂದೇ ರಕ್ತ, ಹೋಲಿಸೋಕೆ ಗಟ್ಟಿಮುಟ್ಟಾಗಿರೋ ಒಬ್ಬರದು ಇರಲಿ ಅಂತ. ಐದನೇದು ತಮ್ಮನ ಮಗೂದು ಅಂದ್ರು."

"ಗಟ್ಟಿಮುಟ್ಟು," ಅಂದಳು ಶಿವಗಂಗಮ್ಮ, ಗೋಡೆಗೊರಗಿದ್ದವಳ ಕಡೆ ನೋಡಿ.

ಕಮಲಾಕ್ಷಿಯ ಬೆರಳು ಸತ್ತವಳ ಹಣೆಯ ಮೇಲೆ ಹಾಗೇ ನಿಂತಿತ್ತು. ರಕ್ತ ಲ್ಯಾಬಿಗೆ ಹೋಯಿತು, ಅಲ್ಲೇ ಎಲ್ಲೋ ತೊಳೆದು ಹೋಯಿತು ಅಂದುಕೊಂಡಿದ್ದಳು. ಅದು ಇದೇ ಮನೆಯಲ್ಲಿ, ಒಂದು ಗೋಡೆಯಾಚೆ, ಎರಡು ದಿನದಿಂದ ಕೂತಿತ್ತು.

*

ಅಂಥ ತಟ್ಟೆಯನ್ನು ಅವಳು ಮೊದಲೊಮ್ಮೆ ನೋಡಿದ್ದಳು.

ಆಗ ಪಂಚಾಕ್ಷರಿ ಆಸ್ಪತ್ರೆಯಲ್ಲಿದ್ದ. ಕಫ ಕಟ್ಟಿ, ಇಳಿದು, ಮತ್ತೆ ಕಟ್ಟಿ, ಯಾವ ಔಷಧಕ್ಕೂ ಬಗ್ಗದ ಜ್ವರ. ಒಂದು ಸಂಜೆ ಬಸವರಾಜೇಶ್ವರಿ ಇಂಥದೇ ಡಬ್ಬಿಯನ್ನು ನಡುಮನೆಯಲ್ಲಿಟ್ಟು, ಕಪ್ಪು ಶಾಲಿನ ಮೇಲೆ ಗಾಜಿನ ತಟ್ಟೆ ಬಿಚ್ಚಿದಳು. ತಟ್ಟೆಯ ತುಂಬ ಗಂಜಿ ಹೆಪ್ಪುಗಟ್ಟಿದ ಹಾಗಿತ್ತು, ತಿಳಿಯಾದ ಗಂಜಿ. ಸಾಲಾಗಿ ತೂತುಗಳು. ಪ್ರತಿ ತೂತಿನ ಸುತ್ತ ಒಂದು ಬಿಳಿ ಉಂಗುರ. ಎಷ್ಟು ಸತ್ವವೋ ಅಷ್ಟು ದೊಡ್ಡ ಉಂಗುರ ಅಂತ ವಿವರಿಸಿದಳು. ಕೊನೆಯ ತೂತಿನ ಸುತ್ತ ಏನೂ ಇರಲಿಲ್ಲ. ಬರೀ ತೂತು, ಮೊಳೆ ಕಿತ್ತ ಗೋಡೆಯ ಹಾಗೆ.

"ಇದು ಪಂಚೂದು," ಅಂದಳು. "ಮೊದಲೇ ನೋಡಿದ್ದರೆ ತಿಂಗಳು ತಿಂಗಳು ಸೂಜಿಮದ್ದು ಕೊಡಬಹುದಿತ್ತು. ಈಗ ತಡ ಆಗಿದೆ ಅಂದ್ರು ಡಾಕ್ಟರು. ಗಂಡುಮಕ್ಕಳಿಗೆ ಬರುತ್ತಂತೆ. ತಾಯಿ ಕಡೆಯಿಂದ."

ಥರ್ಮಾಮೀಟರು ನೋಡಿ ಜ್ವರ ಹೇಳುವ ಹಾಗೆ ಹೇಳಿದಳು. ಎದುರಿಗೆ ಯಾರು ಕೂತಿದ್ದಾರೆ ಅಂತ ನೋಡಲಿಲ್ಲ. ಕೂತಿದ್ದವಳು ಶಿವಗಂಗಮ್ಮ.

"ತಾಯಿ ಕಡೆಯಿಂದ," ಅಂತ ಶಿವಗಂಗಮ್ಮ ಆ ಎರಡು ಮಾತನ್ನು ನಿಧಾನವಾಗಿ ಬಾಯಲ್ಲಿ ಹೊರಳಿಸಿದಳು. "ಏನೇ ಕಮಲಾಕ್ಷಿ, ನಿನಗೆ ತಮ್ಮಂದಿರು ಇದ್ರು ಅಂತಿದ್ದೆ. ಈಗೆಲ್ಲಿ?"

ಇಬ್ಬರು ತಮ್ಮಂದಿರೂ ತೊಟ್ಟಿಲಲ್ಲೇ ಹೋಗಿದ್ದರು. ಪಂಚಾಕ್ಷರಿಯನ್ನು ಮಣ್ಣು ಮಾಡಿ ಬಂದ ದಿನ ನಡುಮನೆಯಲ್ಲಿ ಎಲ್ಲರೂ ಅದೇ ಮಾತಾಡಿದರು, ಕಮಲಾಕ್ಷಿ ಅಲ್ಲಿಲ್ಲವೇನೋ ಅನ್ನುವ ಹಾಗೆ. ಇವಳ ರಕ್ತದಲ್ಲೇ ಇದೆಯಂತೆ. ಬಸವರಾಜೇಶ್ವರಿ ಮಿಷಿನ್ನಿನಲ್ಲಿ ನೋಡಿದಾಳಂತೆ. ಬಸವರಾಜೇಶ್ವರಿ "ಹಾಗಲ್ಲ ಅದು" ಅಂತ ಒಂದೆರಡು ಸಲ ಅಂದಳು. ಯಾರೂ ಕೇಳಲಿಲ್ಲ. ಅವಳೂ ಮೂರನೇ ಸಲ ಅನ್ನಲಿಲ್ಲ. ಆ ಮೂರನೇ ಸಲವನ್ನು ಕಮಲಾಕ್ಷಿ ಇಷ್ಟು ವರ್ಷ ಕ್ಷಮಿಸಿರಲಿಲ್ಲ.

*

ಡಬ್ಬಿ ರೂಮಿನ ಗೋಡೆಗೂಡಿನಲ್ಲಿತ್ತು. ಅದರ ಒಂದು ಮೂಲೆಯ ಕೆಳಗೆ ಕಾಗದ ಮಡಿಸಿಟ್ಟು ಮಟ್ಟ ಮಾಡಿದ್ದಳು. ಕಮಲಾಕ್ಷಿ ಅದನ್ನು ಎತ್ತಿಕೊಂಡು ಹೊರಗೆ ಬಂದಾಗ ಗಂಗಾಧರಯ್ಯ ಎರಡೂ ಕೈ ಚಾಚಿದ.

"ನಿಲ್ಲು," ಅಂದಳು ಶಿವಗಂಗಮ್ಮ. "ಅದು ಎಲ್ಲಿಗೂ ಹೋಗಲ್ಲ. ಸತ್ತವಳ ರಕ್ತ ಅದರಲ್ಲಿದೆ ಅಂತ ನೀನೇ ಅಂದೆ. ಮೈಯಿಂದ ಬಂದಿದ್ದು ಮೈ ಜೊತೇಲೇ ಹೋಗಬೇಕು. ಉಗುರು ಕೂದಲು ಸಹ ಆಚೆ ಬಿಡಲ್ಲ ನಾವು. ರಕ್ತ ಬಿಟ್ಟರೆ ಅವಳು ಈ ಮನೆ ಸುತ್ತಾನೇ ಇರ್ತಾಳೆ."

"ಮೂರು ಜನ ಕಾಯ್ತಾ ಇದಾರೆ ತಾಯಿ."

"ಕಾಯಲಿ. ಡಬ್ಬಿ ಅವಳ ಜೊತೆ ಕುಣಿಗೆ."

"ಅಕ್ಕ ಅದನ್ನ ಅಷ್ಟು ಜೋಪಾನವಾಗಿ..." ಅಂತ ಶುರು ಮಾಡಿದ ಜಂಬಣ್ಣ, ಸೋದರತ್ತೆಯ ಮುಖ ನೋಡಿ ಅಲ್ಲಿಗೇ ಬಿಟ್ಟ.

"ನನ್ನ ಮಗೂನ ರಕ್ತಾನೂ ಇದರಲ್ಲಿದೆ," ಅಂದಳು ಕಮಲಾಕ್ಷಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಇದ್ದರೇನು? ನಿನಗೆ ಅದು ನೋಡೋದು ಬೇಡ ಅಂತಾನೇ ಅಲ್ವಾ ಭಾನುವಾರ ಕೂಗಾಡಿದ್ದು?"

"ನೋಡೋದು ಬೇಡ. ಈಗಲೂ ಬೇಡ. ಆದರೆ ಬದುಕಿರೋ ಮಗೂನ ರಕ್ತ ಹೆಣದ ಮಡಿಲಲ್ಲಿಟ್ಟು ಮಣ್ಣು ಮುಚ್ಚೋಕೆ ಬಿಡಲ್ಲ. ಅದು ಯಾವ ಶಾಸ್ತ್ರ ಹೇಳಿ, ನಿಮಗೆ ಎಲ್ಲ ಗೊತ್ತಲ್ಲ."

ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಂಜಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಶಿವಗಂಗಮ್ಮನ ಲೆಕ್ಕದಲ್ಲೂ ಅದು ಇನ್ನೂ ದೊಡ್ಡ ಅಪಚಾರ. ತನ್ನದೇ ಶಾಸ್ತ್ರ ಅವಳಿಗೆ ಅಡ್ಡ ನಿಂತಿತ್ತು.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಬಿಲ್ವಪತ್ರೆ ಬಿಡಿಸುತ್ತಿದ್ದವರು ತಲೆ ಎತ್ತಿದರು. "ಇಬ್ಬರದ್ದೂ ಬೇರೆ ಮಾಡೋಕೆ ಬರುತ್ತಾ?"

"ಬೇರೆ ಬೇರೆ ತೂತು ಸ್ವಾಮಿ," ಅಂದ ಗಂಗಾಧರಯ್ಯ. "ಮಧ್ಯೆ ಬ್ಲೇಡಿಟ್ಟು ಕೊಯ್ದರೆ ಒಂದು ತುಂಡು ಬರುತ್ತೆ. ಆದರೆ ಹೊತ್ತಾಗೋಕೆ ಮುಂಚೆ ಮುಟ್ಟಬಾರದು."

"ಹಾಗಾದರೆ ಅಲ್ಲಿಗೇ ತಗೊಂಡು ಬನ್ನಿ. ಅವರದ್ದು ಅವರ ಜೊತೆ ಹೋಗಲಿ, ಉಳಿದಿದ್ದು ಇಲ್ಲಿ ಉಳೀಲಿ. ಮುಗೀತು."

ವಿಮಾನ ಹೊರಟಿತು. ಬಾಳೆಕಂದು ಕಟ್ಟಿದ ಆ ಪಲ್ಲಕ್ಕಿಯಲ್ಲಿ ಬಸವರಾಜೇಶ್ವರಿ ಕೂತಿದ್ದಳು, ಹೆಗಲುಗಳ ಮೇಲೆ ಅತ್ತಿತ್ತ ತೂಗುತ್ತ. ಹಿಂದೆ ಕಮಲಾಕ್ಷಿ. ಡಬ್ಬಿಯನ್ನು ಸೈಕಲ್ಲಿಗೆ ಕಟ್ಟುವ ಹಾಗಿರಲಿಲ್ಲ. ಗಂಗಾಧರಯ್ಯ ಹಿಡಿಯುತ್ತೇನೆ ಅಂದರೆ ಶಿವಗಂಗಮ್ಮ ಬಿಡಲಿಲ್ಲ, ಅದನ್ನೆತ್ತಿಕೊಂಡು ಓಡಿಬಿಡುತ್ತಾನೆ ಅಂತ. ಹಾಗಾಗಿ ಕಮಲಾಕ್ಷಿಯೇ ಎರಡೂ ಅಂಗೈ ಮೇಲೆ ಇಟ್ಟುಕೊಂಡು ನಡೆದಳು.

"ಓರೆ ಮಾಡಬೇಡಿ," ಅಂತ ಗಂಗಾಧರಯ್ಯ ಪಕ್ಕದಲ್ಲೇ ಸೈಕಲ್ ತಳ್ಳಿಕೊಂಡು ಬಂದ. "ಉಂಗುರ ಇನ್ನೂ ಹರಡ್ತಾ ಇರುತ್ತೆ. ಮೇಡಂದೂ ಹರಡ್ತಾನೇ ಇರುತ್ತೆ ಈಗ."

"ಸುಮ್ಮನೆ ಬನ್ನಿ ನೀವು," ಅಂದಳು ಕಮಲಾಕ್ಷಿ.

"ಎಂಥಾ ಮೆರವಣಿಗೆ ನೋಡ್ರೇ," ಅಂದಳು ಹಿಂದಿನಿಂದ ಶಿವಗಂಗಮ್ಮ. "ಬದುಕಿದ್ದಾಗ ಒಂದು ಲೋಟ ಕಾಫಿ ಕೈಗೆ ಕೊಟ್ಟವಳಲ್ಲ. ಈಗ ಆರತಿ ತಟ್ಟೆ ಹಿಡಿದು ನಡೀತಾಳೆ."

ಕಮಲಾಕ್ಷಿ ತಿರುಗಲಿಲ್ಲ. ತಿರುಗಿದರೆ ಡಬ್ಬಿ ಓರೆಯಾಗುತ್ತಿತ್ತು. ಮೋರಿಯ ಹತ್ತಿರ, ಲಾರಿ ಬಂದಾಗ, ಕಿತ್ತುಹೋದ ಜಲ್ಲಿಯ ಮೇಲೆ, ಅವಳ ಮೊಣಕೈಗಳು ತಾವಾಗಿಯೇ ಏರಿ ಇಳಿದು ಮಟ್ಟ ಕಾದವು. ಒಳಗೆ ಐದನೇ ತೂತೂ ಪಂಚೂದರ ಹಾಗೇ ಖಾಲಿ ಇರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಭಾನುವಾರದಿಂದ ಗೊತ್ತಿತ್ತು. ಅದಕ್ಕೇ ಆ ಪಾಟಿ ಕೂಗಾಡಿದ್ದು.

ರುದ್ರಭೂಮಿಯಲ್ಲಿ ಕುಣಿ ತಯಾರಾಗಿತ್ತು. ಒಳಗೆ ಪಕ್ಕದ ಗೋಡೆಯಲ್ಲಿ ಕೂರುವಷ್ಟು ಗೂಡು ಕೊರೆದಿದ್ದರು. ಬಸವರಾಜೇಶ್ವರಿಯನ್ನು ಇಳಿಸಿ ಅಲ್ಲಿ ಕೂರಿಸಿದರು. ಅವಳ ಕೊರಳಲ್ಲಿದ್ದ ಲಿಂಗವನ್ನು ಅಯ್ಯನವರು ಬಿಚ್ಚಿ ಎಡಗೈಯಲ್ಲಿಟ್ಟರು. ಬಿಲ್ವಪತ್ರೆ, ವಿಭೂತಿ ಸುತ್ತ ತುಂಬಿದರು. ಮುಖ ಅರ್ಧ ಬೆಳ್ಳಗಾಯಿತು.

"ಆಯ್ತಾ ನಿಮ್ಮ ಹೊತ್ತು?" ಅಂತ ಅಯ್ಯನವರು ಕುಣಿಯೊಳಗಿಂದಲೇ ಕೂಗಿದರು.

ಗಂಗಾಧರಯ್ಯ ಗಡಿಯಾರ ನೋಡಿ ತಲೆಯಾಡಿಸಿದ. "ಕಪ್ಪು ಬಟ್ಟೆ ಏನಾದ್ರೂ ಬೇಕು, ಕಾಣೋಕೆ."

ಕಮಲಾಕ್ಷಿ ಉಟ್ಟಿದ್ದು ಕಡುನೀಲಿ ಸೀರೆ. ನೆಲದ ಮೇಲೆ ಕೂತು ಮಡಿಲಲ್ಲಿ ಸೆರಗು ಹರಡಿದಳು. ಅವನು ಮುಚ್ಚಳ ತೆಗೆದು, ಒದ್ದೆ ಹತ್ತಿ ಆಚೆ ಇಟ್ಟು, ಗಾಜಿನ ತಟ್ಟೆಯನ್ನು ಆ ಸೆರಗಿನ ಮೇಲಿಟ್ಟ. ಅವಳು ಕಣ್ಣನ್ನು ಕುಣಿಯ ಕಡೆಗೆ ಇಟ್ಟುಕೊಂಡಳು. ಅಲ್ಲಿ ಕೂತಿದ್ದವಳ ರೆಪ್ಪೆಯ ಮೇಲೂ ವಿಭೂತಿ ಬಿದ್ದಿತ್ತು.

ಗಂಗಾಧರಯ್ಯ ಜೇಬಿನಿಂದ ಸ್ಕೇಲು ತೆಗೆದು ಒಂದೊಂದನ್ನೇ ಅಳೆದು ಚೀಟಿಯ ಮೇಲೆ ಬರೆದುಕೊಂಡ. ಮೂರು ಸಲ ಬರೆದ ಸದ್ದಾಯಿತು. ಆಮೇಲೆ ಬ್ಲೇಡಿನ ಕಾಗದ ಬಿಚ್ಚಿದ ಸದ್ದು. ಆಮೇಲೆ ಏನೂ ಇಲ್ಲ.

"ಕೊಯ್ಯಪ್ಪ," ಅಂದಳು ಶಿವಗಂಗಮ್ಮ.

"ಆಗಲ್ಲ."

"ಯಾಕಾಗಲ್ಲ?"

"ಬ್ಲೇಡಿಡೋಕೆ ಜಾಗ ಇಲ್ಲ."

ಕಮಲಾಕ್ಷಿ ಆಗ ಕೆಳಗೆ ನೋಡಿದಳು. ನಾಲ್ಕನೇ ತೂತಿನ ಸುತ್ತ ದೊಡ್ಡ ಉಂಗುರ, ಹಾಲಿನ ಗೆರೆಯ ಹಾಗೆ. ಐದನೇ ತೂತಿನ ಸುತ್ತ ಇನ್ನೊಂದು, ಚಿಕ್ಕದು, ಒಂದು ಕಡಲೆಯಷ್ಟು. ಆದರೆ ಪೂರ್ತಿ ದುಂಡಗೆ. ಎರಡೂ ಹರಡುತ್ತ ಹರಡುತ್ತ ಬಂದು ಅಂಚಿಗೆ ಅಂಚು ಕೂಡಿಕೊಂಡಿದ್ದವು. ಕೂಡಿದ ಕಡೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಅನ್ನುವುದು ತಿಳಿಯುವ ಹಾಗಿರಲಿಲ್ಲ.

"ಮಗೂದು ಚಿಕ್ಕದಲ್ವಾ," ಅಂದಳು.

"ಈ ವಯಸ್ಸಿಗೆ ಇಷ್ಟೇ ಇರೋದು. ದೊಡ್ಡವರಷ್ಟು ಇರಲ್ಲ. ಚೆನ್ನಾಗಿದೆ ತಾಯಿ. ಚೆನ್ನಾಗೇ ಮಾಡ್ಕೊಳ್ತಾ ಇದೆ."

ಎಂದಾದರೂ ಈ ಮಗುವಿಗೆ ಉಂಗುರ ಬಂದರೆ ಅಂಥ ತಟ್ಟೆಯನ್ನು ಗಂಡನ ಅಕ್ಕನ ಮುಖದ ಮುಂದೆ ಹಿಡಿದು ಏನು ಹೇಳಬೇಕು ಅಂತ ಕಮಲಾಕ್ಷಿ ಎಷ್ಟೋ ದಿನದಿಂದ ಒಳಗೊಳಗೇ ಮಾತು ಜೋಡಿಸಿಟ್ಟಿದ್ದಳು. ಒಂದೊಂದೂ ಹರಿತವಾದ ಮಾತು. ಕುಣಿಯೊಳಗೆ ನೋಡಿದಳು. ಆ ಮುಖ ಈಗ ಪೂರ್ತಿ ಬೆಳ್ಳಗಾಗಿತ್ತು. ಹೇಳಿಸಿಕೊಳ್ಳುವುದಕ್ಕೂ ಅವಳು ನಿಂತಿರಲಿಲ್ಲ.

"ಹಂಗಾದ್ರೆ ಹೆಂಗೆ?" ಅಂದಳು ಶಿವಗಂಗಮ್ಮ. "ಅವಳ ರಕ್ತ ಮೇಲೇ ಉಳಿಯುತ್ತಲ್ಲ."

"ಉಳೀಲಿ," ಅಂದಳು ಕಮಲಾಕ್ಷಿ.

"ಮನೆ ಸುತ್ತಾ ಇರ್ತಾಳೆ ಕಣೇ."

"ಇರಲಿ. ನನಗೂ ಅವರ ಹತ್ರ ಹೇಳೋದಿದೆ."

ತಟ್ಟೆಯನ್ನು ಡಬ್ಬಿಯೊಳಗಿಟ್ಟು, ಹತ್ತಿಯನ್ನು ಮತ್ತೆ ಅಂಚಿಗಿಟ್ಟು ತಾನೇ ಮುಚ್ಚಳ ಹಾಕಿದಳು. ಗಂಗಾಧರಯ್ಯ ಕೈ ಚಾಚಿದ, ಅವಳು ಕೊಡಲಿಲ್ಲ. ಡಬ್ಬಿ ಹಿಡಿದೇ ಎದ್ದು ನಿಂತಳು. ಅಯ್ಯನವರು ಮೇಲೆ ಹತ್ತಿ ಬಂದರು. ಜಂಬಣ್ಣ ಮೊದಲ ಹಿಡಿ ಮಣ್ಣು ಹಾಕಿದ, ಶಿವಗಂಗಮ್ಮ ಹಾಕಿದಳು, ಬೀದಿಯವರು ಒಬ್ಬೊಬ್ಬರೇ ಬಗ್ಗಿ ಹಾಕಿದರು.

"ನೀನು ಹಾಕೇ," ಅಂದಳು ಶಿವಗಂಗಮ್ಮ. "ಮನೆ ಸೊಸೆ ಹಾಕಬೇಕು."

"ಕೈ ಖಾಲಿ ಇಲ್ಲ," ಅಂದಳು ಕಮಲಾಕ್ಷಿ.

ಸಲಿಕೆಗಳು ಶುರುವಾದವು. ಮಣ್ಣು ಗೂಡಿನ ಅಂಚಿಗೆ ಏರುತ್ತಿದ್ದ ಹಾಗೆ ಜನ ಸರಿದು ದಾರಿ ಮಾಡಿಕೊಂಡು ಆಚೆ ಹೋದರು. ಅವಳು ಕಿತ್ತ ಮಣ್ಣಿನ ಇಳಿಜಾರಿನ ಮೇಲೆ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು ನಿಂತಿದ್ದಳು. ಅವಳ ಮೈಯೆಲ್ಲ ಒಂದು ಕಡೆಗೆ ವಾಲಿತ್ತು. ಡಬ್ಬಿ ಮಾತ್ರ ಮಟ್ಟವಾಗಿತ್ತು.